ತಂಬೂರಿಯೊಳಗಿನ ಲೆಕ್ಕ



ಗುರುವಾರ ರಾತ್ರಿ ನಂದವರಂನಲ್ಲಾಗಲಿ, ಮಂತ್ರಾಲಯದ ದಾರಿಯ ಬೇರೆ ಹಳ್ಳಿಯಲ್ಲಾಗಲಿ ಭಜನೆಗೆ ಕೂತಾಗ ಮೊದಲು ಆಗುವ ಕೆಲಸ ಶ್ರುತಿ ಹಿಡಿಯುವುದು. ಹಾರ್ಮೋನಿಯಂನ ಒಂದು ಕೀ ಒತ್ತುತ್ತಾರೆ. ಹಿರಿಯರು "ಇನ್ನೊಂದಿಷ್ಟು ಕೆಳಗೆ" ಅನ್ನುತ್ತಾರೆ. ಪಕ್ಕದ ಕೀ ಒತ್ತಿದರೆ ಅದು ತೀರ ಕೆಳಗಾಯಿತು. ಅವರ ಕಂಠ ಎರಡು ಕೀಗಳ ನಡುವೆ ನಿಂತಿದೆ; ಅಲ್ಲಿ ಹಾರ್ಮೋನಿಯಂಗೆ ಜಾಗವೇ ಇಲ್ಲ. ಆ ಜಾಗದ ನಾದವನ್ನು ನಮ್ಮ ಮಕ್ಕಳೇ ತಯಾರಿಸಬಹುದು. ಅದು ಹೇಗೆ ಎಂಬುದೇ ಇವತ್ತಿನ ಮಾತು.

ತಂಬೂರಿಯ ತಂತಿ ಮೀಟಿದಾಗ ಕೇಳುವುದು ಒಂದೇ ನಾದವಲ್ಲ. ತಂತಿ ಸೆಕೆಂಡಿಗೆ 240 ಸಲ ಅದುರಿದರೆ, ಜೊತೆಯಲ್ಲೇ 480, 720, 960 ಸಲದ ಸಣ್ಣ ನಾದಗಳೂ ಹುಟ್ಟುತ್ತವೆ. ಇವು ಉಪಸ್ವರಗಳು. ಕುದುರೆಯ ಮೇಲೆ ತಂತಿಯ ಕೆಳಗೆ ಒಂದೆಳೆ ನೂಲು ಇಡುತ್ತಾರಲ್ಲ, ಅದನ್ನು ಕೂದಲೆಳೆಯಷ್ಟು ಸರಿಸಿದರೆ ಉಪಸ್ವರಗಳು ಮೇಲೆದ್ದು ತಂಬೂರಿ ಝೇಂಕರಿಸುತ್ತದೆ. 1921ರಲ್ಲಿ ಸಿ. ವಿ. ರಾಮನ್ ನಮ್ಮ ತಂತಿವಾದ್ಯಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಈ ಕುದುರೆಯ ಗುಣವನ್ನೇ ವಿವರಿಸಿದರು. 1979ರಲ್ಲಿ ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿಯನ್ನೇ ಮಾಡಿದರು. ಅವರ ರಾಡೆಲ್ ಪೆಟ್ಟಿಗೆಯನ್ನು ನೀವು ಕಛೇರಿಗಳಲ್ಲಿ ನೋಡಿರಬಹುದು.

ಈಗ ಅದೇ ಲೆಕ್ಕವನ್ನು ಹಳೆಯ ಕಂಪ್ಯೂಟರಿನಲ್ಲೂ ಕಲಿಯಬಹುದು. ಪ್ಯೂರ್ ಡೇಟಾ ಎಂಬ ತಂತ್ರಾಂಶವಿದೆ. 1996ರಲ್ಲಿ ಅಮೆರಿಕದ ಮಿಲ್ಲರ್ ಪಕೆಟ್ ಮಾಡಿದ್ದು, ದುಡ್ಡು ಕೊಡಬೇಕಾಗಿಲ್ಲ. ಇದರಲ್ಲಿ ಸಾಲುಸಾಲಾಗಿ ಇಂಗ್ಲಿಷ್ ಬರೆಯುವ ಕೆಲಸವಿಲ್ಲ. ಪರದೆಯ ಮೇಲೆ ಚೌಕಗಳನ್ನು ಇಡುವುದು, ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆಯುವುದು, ಅಷ್ಟೆ. ತೆಲುಗಿನಲ್ಲಿ ತೀಗ ಅಂದರೆ ಬಳ್ಳಿಯೂ ಹೌದು, ತಂತಿಯೂ ಹೌದು. ಈ ಗೆರೆಗಳೂ ಹಾಗೆಯೇ, ಬಳ್ಳಿಯಂತೆ ಹಬ್ಬುತ್ತವೆ, ತಂತಿಯಂತೆ ನಾದವನ್ನು ಒಯ್ಯುತ್ತವೆ. ಎಮ್ಮಿಗನೂರಿನ ಮಗ್ಗ ಕಂಡವರಿಗೆ ಇದು ಹೊಸದಲ್ಲ. ಅಲ್ಲಿಯೂ ಮೊದಲು ವಿನ್ಯಾಸ, ಆಮೇಲೆ ಎಳೆ.

ಮೊದಲ ಪಾಠಕ್ಕೆ ಮೂರು ಚೌಕ ಸಾಕು. ಒಂದರಲ್ಲಿ ಓ, ಎಸ್, ಸಿ ಎಂಬ ಮೂರು ಅಕ್ಷರ, ಅದಕ್ಕೆ ಅಂಟಿಕೊಂಡಂತೆ ಅಲೆಯಂಥ ಒಂದು ಚಿಹ್ನೆ, ಜಾಗ ಬಿಟ್ಟು 240. ಇದು ನಾದ ಹುಟ್ಟಿಸುವ ಚೌಕ. ಎರಡನೆಯದರಲ್ಲಿ ಗುಣಾಕಾರದ ನಕ್ಷತ್ರ, ಅದೇ ಅಲೆ, ಜಾಗ ಬಿಟ್ಟು 0.1. ಇದು ಸದ್ದನ್ನು ತಗ್ಗಿಸುತ್ತದೆ. ಮೂರನೆಯದರಲ್ಲಿ ಡಿ, ಎ, ಸಿ ಮತ್ತು ಅಲೆ. ಇದು ಸದ್ದನ್ನು ಸ್ಪೀಕರಿಗೆ ಕಳಿಸುತ್ತದೆ. ಮೂರನ್ನೂ ಮೇಲಿನಿಂದ ಕೆಳಕ್ಕೆ ಜೋಡಿಸಿ, ಮೀಡಿಯಾ ಪಟ್ಟಿಯಲ್ಲಿ ಡಿಎಸ್‌ಪಿ ಆನ್ ಮಾಡಿದರೆ ಒಂದು ಸಪ್ಪೆ ನಾದ ಕೇಳುತ್ತದೆ. 480, 720, 960ರ ಚೌಕಗಳನ್ನು ಒಂದಕ್ಕಿಂತ ಒಂದು ಮೆಲ್ಲಗೆ ಸೇರಿಸುತ್ತ ಹೋಗಿ. ಸಪ್ಪೆ ನಾದಕ್ಕೆ ಮೈ ಬರುತ್ತದೆ.

ಇನ್ನೊಂದು ಪರೀಕ್ಷೆ. 240ರ ಪಕ್ಕದಲ್ಲಿ 241 ಇಡಿ. ನಾದ ಸೆಕೆಂಡಿಗೆ ಒಮ್ಮೆ ಏರಿ ಇಳಿಯುತ್ತದೆ. 242 ಇಟ್ಟರೆ ಎರಡು ಸಲ. ತಂಬೂರಿಯ ಎರಡು ತಂತಿ ಕೂಡದಿದ್ದಾಗ ಕೇಳುವ ಅಲುಗಾಟ ಇದೇ. ಓದು ಬಾರದ ಭಜನೆಯವರು ಬಿರಡೆ ತಿರುಗಿಸುತ್ತ ಕಿವಿಯಿಂದ ಅಳೆದದ್ದೂ ಇದನ್ನೇ. ನಾಲ್ಕು ತಂತಿಗೆ 180, 240, 240, 120 ಎಂದಿಟ್ಟರೆ ಪ, ಸ, ಸ, ಮಂದ್ರದ ಸ.

ಕಂಪ್ಯೂಟರ್ ಇಲ್ಲದವರು ನಿರಾಶರಾಗಬೇಕಿಲ್ಲ. 555 ಎಂಬ ಎಂಟು ಕಾಲಿನ ಪುಟ್ಟ ಚಿಪ್ 1972ರಿಂದ ಪೇಟೆಯಲ್ಲಿದೆ. 9 ವೋಲ್ಟ್ ಬ್ಯಾಟರಿ, 1 ಕಿಲೋ ಓಮ್ ರೆಸಿಸ್ಟರ್, 50 ಕಿಲೋ ಓಮ್‌ನ ತಿರುಗಿಸುವ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ, ಸಣ್ಣ ಸ್ಪೀಕರನ್ನು 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ ಜೋಡಿಸಬೇಕು. ತಿರುಗಣೆ 30 ಕಿಲೋ ಓಮ್ ಸುಮಾರಿಗೆ ಬಂದಾಗ ನಾದ 240ರ ಹತ್ತಿರ ನಿಲ್ಲುತ್ತದೆ. ಸದ್ದು ಒರಟು, ನಿಜ. ಆದರೆ ಆ ತಿರುಗಣೆಯೇ ನಿಮ್ಮ ಬಿರಡೆ. ಕಾಲುಗಳ ಜೋಡಣೆಯನ್ನು ವಿಜ್ಞಾನದ ಮೇಷ್ಟ್ರ ಮುಂದೆ ಕೂತು ನೋಡಿಕೊಳ್ಳಿ. ಒಂದು ಎಚ್ಚರಿಕೆ: ಬ್ಯಾಟರಿ ಮಾತ್ರ ಬಳಸಿ, ಗೋಡೆಯ ಕರೆಂಟಿನ ತಂಟೆಗೆ ಹೋಗಬೇಡಿ. ಕಿವಿಗೆ ಇಯರ್‌ಫೋನ್ ಹಾಕುವ ಮುನ್ನ ಸದ್ದು ತಗ್ಗಿಸಿ.

ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುತ್ತಾರೆ. ಕಂಪ್ಯೂಟರ್ ಎಂದೊಡನೆ "ಅದು ಇಂಗ್ಲಿಷಿನವರದು" ಎಂದು ಹಿಂದೆ ಸರಿಯುತ್ತಾರೆ. ಈ ವಿದ್ಯೆಗೆ ಬೇಕಾದ ಮೊದಲ ಬಂಡವಾಳ ಕಿವಿ. ಅದು ಭಜನೆಯಲ್ಲಿ ಕೂತ ಮಗುವಿಗೆ ಆಗಲೇ ಬಂದಿದೆ. ಎರಡನೆಯದು ಗುಣಾಕಾರ. ಅದನ್ನು ಶಾಲೆ ಕಲಿಸಿದೆ. ಬೇಕಾದ ನಾಲ್ಕಾರು ಇಂಗ್ಲಿಷ್ ಅಕ್ಷರಗಳನ್ನು ಒಂದು ಸಂಜೆಯಲ್ಲಿ ಕಲಿಯಬಹುದು.

ಮುಂದಿನ ಗುರುವಾರ ಅಜ್ಜ "ಇನ್ನೊಂದಿಷ್ಟು ಕೆಳಗೆ" ಅಂದಾಗ, ಮೊಮ್ಮಗಳು 240ನ್ನು ಅಳಿಸಿ 232 ಎಂದು ಬರೆಯಲಿ. ಹಾರ್ಮೋನಿಯಂನ ಕೀ 240ರಲ್ಲಿದ್ದರೆ, ಅದಕ್ಕೂ ಅದರ ಕೆಳಗಿನ ಕೀಗೂ ನಡುವಿನ ಜಾಗ ಅದು. ಅಜ್ಜನಿಗೆ ತನ್ನ ಶ್ರುತಿ ಸಿಗುತ್ತದೆ, ಮೊಮ್ಮಗಳಿಗೆ ಒಂದು ವಿದ್ಯೆ.