ಹೆಸರಿಲ್ಲದ ಜೀವಕ್ಕೆ ರಕ್ಷಣೆ ಎಲ್ಲಿ?

ಭಾನುವಾರ ಬೆಳಗ್ಗೆ ಆರ್.ಟಿ. ನಗರದ ಯಾವುದಾದ್ರೂ ಮೀನಂಗಡಿ ಮುಂದೆ ನಿಂತು ನೋಡಿ. ಬಂಗುಡೆ, ಬೂತಾಯಿ, ಅಂಜಲ್, ಪಕ್ಕದಲ್ಲೇ ಬೊಂಡಾಸ್. ಮಲ್ಪೆಯಿಂದಲೋ ಮಂಗಳೂರಿನಿಂದಲೋ ಐಸ್ ಮೇಲೆ ಮಲಗಿಕೊಂಡು ಘಟ್ಟ ಹತ್ತಿ ಬಂದ ಮೀನು. ನಮ್ಮ ಪ್ರಶ್ನೆ ಒಂದೇ: ಕೆಜಿ ಎಷ್ಟು? ಸಮುದ್ರದ ಬಗ್ಗೆ ನಮಗಿರುವ ಕುತೂಹಲ ಅಲ್ಲಿಗೆ ಮುಗೀತು.

ಆದರೆ ಆ ಬೊಂಡಾಸ್‌ಗೆ ಒಬ್ಬ ದೂರದ ನೆಂಟ ಇದ್ದಾನೆ. ಕೊಲ್ಲಂ ಕಡೆಯ ಅರಬ್ಬಿ ಸಮುದ್ರದಲ್ಲಿ ಸುಮಾರು 390 ಮೀಟರ್ ಆಳದಲ್ಲಿ ಸಿಕ್ಕವನು. ಬೆಳೆದ ಮೇಲೆ ಇವನಿಗೆ ಎರಡು ಉದ್ದನೆಯ ಬಳ್ಳಿಗಳು ಇರೋದಿಲ್ಲ, ಆಕ್ಟೋಪಸ್ ಥರ ಎಂಟೇ ತೋಳು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಗೀತಾ ಶಶಿಕುಮಾರ್ ಮತ್ತು ಸಜಿಕುಮಾರ್ ಅವರು 2025ರಲ್ಲಿ ಇದು ಹೊಸ ಪ್ರಭೇದ ಅಂತ ಜಗತ್ತಿಗೆ ಹೇಳಿದರು. ಹೆಸರು ಟಾನಿಂಗಿಯಾ ಸೈಲಾಸಿ. ಅದೇ ಸಂಸ್ಥೆಯ ಹಿಂದಿನ ನಿರ್ದೇಶಕ ಇ.ಜಿ. ಸೈಲಾಸ್ ಅವರ ನೆನಪಿಗೆ. ಬಹಳ ಕಾಲ ಈ ಕುಲದಲ್ಲಿ ಒಂದೇ ಪ್ರಭೇದ ಅಂತ ಲೆಕ್ಕ ಇತ್ತು. ಅಟ್ಲಾಂಟಿಕ್‌ನದ್ದರ ಜೊತೆ ಡಿಎನ್‌ಎ ಹೋಲಿಸಿದಾಗ ಇದು ಬೇರೆಯೇ ಅಂತ ಗೊತ್ತಾಯ್ತು.

ಸಿಕ್ಕಿತು, ಹೆಸರಿಟ್ಟರು ಅಂದುಕೊಳ್ಳಬೇಡಿ. ಅಂಗಾಂಗ ಅಳೀಬೇಕು. ಹಳೆಯ ಮಾದರಿಗಳ ಜೊತೆ, ನೂರು ವರ್ಷದ ಹಿಂದಿನ ಬರಹಗಳ ಜೊತೆ ಹೋಲಿಸಬೇಕು. ಬೇರೆ ವಿಜ್ಞಾನಿಗಳ ಪರೀಕ್ಷೆ ದಾಟಿ ಪ್ರಕಟವಾಗಬೇಕು. ಒಂದು ಮಾದರಿಯನ್ನು ಸಂಗ್ರಹಾಲಯದಲ್ಲಿ ಕಾಪಾಡಿ ಇಡಬೇಕು, ನಾಳೆ ಅನುಮಾನ ಬಂದವರು ತೆಗೆದು ನೋಡಲಿ ಅಂತ. ಇದೇ ಕೆಲಸ ಕೀಟಗಳಿಗೆ ನಮ್ಮ ಹೆಬ್ಬಾಳದಲ್ಲೇ ನಡೀತಿದೆ, ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ. ಫ್ಲೈಓವರ್ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಸರಿ ಸ್ವಾಮಿ, ಹೆಸರಿಟ್ಟರೆ ಏನು ಲಾಭ ಅಂತೀರಾ? ಹೇಳ್ತೀನಿ ಕೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಡೆಯೋದೇ ಹೆಸರಿನ ಪಟ್ಟಿಯ ಮೇಲೆ. 2001ರಲ್ಲಿ ತಿಮಿಂಗಿಲ ಶಾರ್ಕ್ ಹೆಸರು ಆ ಪಟ್ಟಿಗೆ ಸೇರಿತು, ಅದನ್ನು ಹಿಡಿಯೋದು ಅಪರಾಧ ಆಯ್ತು. ಹೆಸರೇ ಇಲ್ಲದ ಜೀವವನ್ನು ಯಾವ ಪಟ್ಟಿಗೆ ಸೇರಿಸ್ತೀರಿ? ರೇಷನ್ ಕಾರ್ಡ್ ಇಲ್ಲದವನಿಗೆ ಅಕ್ಕಿ ಸಿಗಲ್ಲ, ಹೆಸರಿಲ್ಲದ ಪ್ರಾಣಿಗೆ ಕಾನೂನು ಸಿಗಲ್ಲ. ಟ್ರಾಲರ್ ಬಲೆಯಲ್ಲಿ ಬೇಡದ ಮೀನಿನ ರಾಶಿಗೆ ಬಿದ್ದು, ಒಣಗಿ, ಪುಡಿಯಾಗಿ ಹೋದರೆ ಅದು ಇತ್ತು ಅನ್ನೋದಕ್ಕೂ ಸಾಕ್ಷಿ ಇಲ್ಲ.

2011ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜು: ಸಮುದ್ರದ ಪ್ರಭೇದಗಳಲ್ಲಿ ಶೇ 91ರಷ್ಟಕ್ಕೆ ಇನ್ನೂ ವಿವರಣೆಯೇ ಆಗಿಲ್ಲ. ಮಾಡೋಕೆ ಕೆಲಸ ರಾಶಿ ಇದೆ, ಮಾಡುವ ಕೈಗಳು ಕಡಿಮೆ. ಯಲಹಂಕದ ಹುಡುಗಿಯೊಬ್ಬಳು ಮನೆಯಲ್ಲಿ "ಅಪ್ಪಾ, ನಾನು ಸಮುದ್ರದ ಹುಳ ಗುರುತಿಸೋದು ಕಲೀತೀನಿ" ಅಂದರೆ, ಅಪ್ಪ ಏನಂತಾರೆ? "ಸಂಬಳ ಎಷ್ಟಮ್ಮ ಬರುತ್ತೆ?" ಆ ಅಪ್ಪನ ತಪ್ಪಲ್ಲ. ಆ ಕೆಲಸಕ್ಕೆ ಸಂಬಳ, ಹುದ್ದೆ, ಗೌರವ ಕೊಡಬೇಕಾದವರು ನಾವು.

ಮುಂದಿನ ಭಾನುವಾರ ಮೀನಂಗಡಿಯಲ್ಲಿ ರೇಟ್ ಕೇಳಿ, ತಪ್ಪೇನಿಲ್ಲ. ಜೊತೆಗೆ "ಇದರ ಹೆಸರೇನಣ್ಣ?" ಅಂತಲೂ ಒಮ್ಮೆ ಕೇಳಿ. ಕಾಪಾಡೋ ಕೆಲಸ ಅಲ್ಲಿಂದಲೇ ಶುರುವಾಗೋದು.