ತಕ್ಕಡಿ ತೋರಿಸದ ಹಸಿವು



ಆಹಾರದ ಮಾತು ಬಂದೊಡನೆ ಇಂದು ನಮ್ಮ ಪಟ್ಟಣಗಳ ಮನೆಗಳಲ್ಲಿ ಕೇಳಿಬರುವ ಮೊದಲ ಪ್ರಶ್ನೆ ತೂಕದ್ದು. ಅನ್ನ ಬಿಟ್ಟರೆ ಎಷ್ಟು ಇಳಿಯುತ್ತದೆ? ರಾತ್ರಿಯೂಟ ಬಿಟ್ಟರೆ ಎಷ್ಟು? ಮದುವೆ ನಿಶ್ಚಯವಾದ ಹೆಣ್ಣುಮಗಳಿಗಂತೂ ತೆಳ್ಳಗಾಗುವ ಸಲಹೆಗಳ ಸುರಿಮಳೆ. ಅತಿತೂಕ ರೋಗಗಳಿಗೆ ದಾರಿ ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಉತ್ತಮ ಆಹಾರದ ಪ್ರಯೋಜನವನ್ನು ತಕ್ಕಡಿಯಿಂದಲೇ ಅಳೆಯಲು ಹೊರಟರೆ ನಮ್ಮ ಮನೆಗಳೊಳಗಿನ ದೊಡ್ಡ ಕೊರತೆಯೊಂದು ಕಣ್ಣಿಗೆ ಬೀಳುವುದೇ ಇಲ್ಲ.

ಆ ಕೊರತೆ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ. 47.8 ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇ. 65.5. ಅದೇ ಸಮೀಕ್ಷೆಯಲ್ಲಿ ಎತ್ತರಕ್ಕೆ ತಕ್ಕ ತೂಕವಿಲ್ಲದೆ ಸೊರಗಿದ್ದ ಮಹಿಳೆಯರು ಶೇ. 17ರಷ್ಟು ಮಾತ್ರ, ಅತಿತೂಕದವರು ಶೇ. 30. ಲೆಕ್ಕ ಹಾಕಿ ನೋಡಿ. ರಕ್ತ ಕಡಿಮೆಯಿರುವವರಲ್ಲಿ ಬಹುಪಾಲು ಸ್ತ್ರೀಯರು ನೋಡಲು ಮೈತುಂಬಿಕೊಂಡೇ ಇದ್ದಾರೆ. ಹೊಟ್ಟೆ ತುಂಬಿದೆ, ದೇಹ ಹಸಿದಿದೆ.

ರಕ್ತದಲ್ಲಿ ಪ್ರಾಣವಾಯುವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್‌ಗೆ ಕಬ್ಬಿಣಾಂಶ ಬೇಕು. ಅದು ಸಾಲದಾದರೆ ಮೆಟ್ಟಿಲು ಹತ್ತುವಾಗ ಏದುಸಿರು, ಓದಲು ಕುಳಿತ ಮಗಳಿಗೆ ಏಕಾಗ್ರತೆಯಿಲ್ಲ, ಹೆರಿಗೆಯಲ್ಲಿ ಅಪಾಯ ಹೆಚ್ಚು. ನವಲಗುಂದದ ಜಮಖಾನೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲೆ. ಅದನ್ನು ಉಳಿಸಿಕೊಂಡು ಬಂದವರು ಮುಸ್ಲಿಂ ಮಹಿಳೆಯರು. ಮಗ್ಗದ ಮುಂದೆ ಕುಳಿತು ನೂಲನ್ನು ಬಡಿದು ಕೂಡಿಸುವ ಕೈಗೆ ಬಲ ಬರಬೇಕಾದುದು ಊಟದಿಂದಲೇ. ಇಂತಹ ಹೆಣ್ಣುಮಗಳ ಆಯಾಸವನ್ನು ನಾವು ಸೋಮಾರಿತನವೆಂದೋ ವಯಸ್ಸೆಂದೋ ಕರೆದು ಸುಮ್ಮನಾಗುತ್ತೇವೆ.

ವಿಚಿತ್ರವೆಂದರೆ, ನಮ್ಮ ಸುತ್ತಮುತ್ತ ಆಹಾರಕ್ಕೇನೂ ಬರವಿಲ್ಲ. ನವಲಗುಂದ, ಅಣ್ಣಿಗೇರಿಯ ಎರೆಭೂಮಿಯಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ. ಕುಂದಗೋಳದಲ್ಲಿ ಶೇಂಗಾ. ಇವು ಚೀಲ ತುಂಬಿ ಮಾರುಕಟ್ಟೆಗೆ ಹೋಗುತ್ತವೆ. ಆ ಹಣದಿಂದ ಬಿಸ್ಕತ್ತು, ಕುರುಕಲು ತಿಂಡಿಯ ಪೊಟ್ಟಣ ಮನೆಗೆ ಬರುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಲ್ಲಿ ಹೊರತಂದ ಕೋಷ್ಟಕಗಳಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 4 ಮಿಲಿಗ್ರಾಂನಷ್ಟು ಕಬ್ಬಿಣಾಂಶವಿದೆ. ಬಿಳಿ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ, ಕಬ್ಬಿಣಾಂಶ 1 ಮಿಲಿಗ್ರಾಂಗಿಂತ ಕಡಿಮೆ. ಕಲಘಟಗಿಯ ಭತ್ತದ ನಾಡಿನವರು ಅನ್ನ ಬಿಡಬೇಕೆಂದು ಹೇಳುತ್ತಿಲ್ಲ. ಅನ್ನದ ಜೊತೆ ಬೇಳೆ, ಸೊಪ್ಪು ಹೆಚ್ಚಲಿ ಎನ್ನುತ್ತಿದ್ದೇನೆ.

ಧಾನ್ಯ ಮತ್ತು ಕಾಳುಗಳ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ ಎಂಬುದೂ ನಿಜ. ಲಿಂಬೆ, ಪೇರಲ, ನೆಲ್ಲಿಕಾಯಿ ಜೊತೆಗಿದ್ದರೆ ಹೆಚ್ಚು ಹೀರುತ್ತದೆ. ನೆನೆಸಿ ಮೊಳಕೆ ಬರಿಸಿದ ಹೆಸರುಕಾಳು ಇನ್ನೂ ಒಳ್ಳೆಯದು. ಮಾಂಸದ ಕಬ್ಬಿಣಾಂಶ ಬೇಗ ಸೇರುತ್ತದೆ. ಆದರೆ ಮಾಂಸದ ತುಂಡುಗಳು ಯಾರ ತಟ್ಟೆಗೆ ಹೋಗುತ್ತವೆ? ಗಂಡಸರು, ಅತಿಥಿಗಳು, ಗಂಡುಮಕ್ಕಳು ಉಂಡೆದ್ದ ಬಳಿಕ ಮನೆಯೊಡತಿಗೆ ಉಳಿಯುವುದು ತಿಳಿಸಾರು. ಇದು ಬಡತನದ ಪ್ರಶ್ನೆ ಮಾತ್ರವಲ್ಲ, ಉಳ್ಳವರ ಮನೆಯಲ್ಲೂ ದಸ್ತರ್‌ಖಾನಿನ ಕ್ರಮ ಇದೇ. ಊಟದ ಬೆನ್ನಿಗೇ ಕುಡಿಯುವ ಚಹಾ ಉಳಿದುದನ್ನೂ ಕಸಿಯುತ್ತದೆ. ಕನಿಷ್ಠ ಒಂದು ಗಂಟೆ ತಡೆದು ಕುಡಿಯಬಹುದು.

ಸರಕಾರದ ಪಾತ್ರವನ್ನೂ ಹೇಳಲೇಬೇಕು. ಪಡಿತರದ ಅಕ್ಕಿ ಹಸಿವನ್ನು ತಡೆಯಿತು, ಪೌಷ್ಟಿಕತೆಯ ಹೊಣೆಯನ್ನು ಅದೊಂದೇ ಹೊರಲಾರದು. 2017ರ ಮಾತೃಪೂರ್ಣ ಯೋಜನೆ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಕೊಡಲು ಆರಂಭಿಸಿತು. ಶಾಲಾ ಮಕ್ಕಳಿಗೆ ಮೊಟ್ಟೆ 2021ರ ಡಿಸೆಂಬರ್‌ನಲ್ಲಿ ಬೀದರ್, ಯಾದಗಿರಿ, ಕೊಪ್ಪಳ ಮುಂತಾದ ಜಿಲ್ಲೆಗಳಲ್ಲಿ, 2022ರಲ್ಲಿ ರಾಜ್ಯದಾದ್ಯಂತ ಬಂತು. ಕೆಲವು ಮಠಾಧೀಶರು ವಿರೋಧಿಸಿದರು. ಬೇಡವೆಂದ ಮಕ್ಕಳಿಗೆ ಬಾಳೆಹಣ್ಣಿನ ಅವಕಾಶವಿತ್ತು. ಸುಮಾರು 6 ಗ್ರಾಂ ಪ್ರೋಟೀನ್ ಇರುವ ಒಂದು ಮೊಟ್ಟೆ ಇಷ್ಟು ದೊಡ್ಡ ರಾಜಕೀಯವಾಗಬೇಕಿರಲಿಲ್ಲ.

ಹಿಮೋಗ್ಲೋಬಿನ್ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ. ಗರ್ಭಿಣಿಯಲ್ಲದ ಮಹಿಳೆಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದರ್ಥ. ಅಲ್ಲಿ ಕೊಡುವ ಕಬ್ಬಿಣಾಂಶದ ಮಾತ್ರೆಯಿಂದ ಮಲ ಕಪ್ಪಾಗುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಅದಕ್ಕೆ ಹೆದರಿ ಕಪಾಟಿನಲ್ಲಿಟ್ಟ ಮಾತ್ರೆಗಳೆಷ್ಟೋ! ಹಾಗಾದಾಗ ವೈದ್ಯರನ್ನು ಕೇಳಿ ಊಟದ ನಂತರ ನುಂಗಬಹುದು, ನೀರಿನೊಂದಿಗೆ, ಚಹಾದೊಂದಿಗಲ್ಲ.