ಬಾಸೆಲ್‌ನ ಬೇಲಿಯೊಳಗೆ ಹುಟ್ಟಿದ ನಾಯಕ



ಮನೆಗೆ ನಾಯಿಮರಿ ಬಂದ ವಾರದೊಳಗೇ ಉಪದೇಶಗಳೂ ಬಂದು ಸೇರುತ್ತವೆ. ಯಜಮಾನ ಉಂಡ ಮೇಲೆಯೇ ಅದಕ್ಕೆ ಅನ್ನ ಹಾಕಬೇಕಂತೆ. ಬಾಗಿಲು ದಾಟುವಾಗ ಅವನೇ ಮುಂದಿರಬೇಕಂತೆ. ಸೋಫಾ ಹತ್ತಿಸಿದರೆ ನಾಳೆ ತಲೆಯ ಮೇಲೇ ಕೂರುತ್ತದಂತೆ. ಗುರ್ರೆಂದರೆ ಅಂಗಾತ ಕೆಡವಿ ಒತ್ತಿ ಹಿಡಿಯಬೇಕಂತೆ. ಇಷ್ಟಕ್ಕೂ ಕೊಡುವ ಕಾರಣ ಒಂದೇ: ನಾಯಿ ತೋಳದ ವಂಶದ್ದು, ತೋಳದ ಹಿಂಡಿಗೊಬ್ಬ ‘ಆಲ್ಫಾ’ ಇರುತ್ತಾನೆ, ಆ ಪಟ್ಟ ಮನುಷ್ಯ ಹಿಡಿಯದಿದ್ದರೆ ನಾಯಿ ಹಿಡಿಯುತ್ತದೆ. ಈ ಆಲ್ಫಾ ಎಲ್ಲಿಂದ ಬಂದ ಎನ್ನುವುದೇ ಇವತ್ತಿನ ಮಾತು.

ಪೆಟ್ಟು ಮಾತ್ರ ತೋಳದ ಅಧ್ಯಯನಕ್ಕಿಂತ ಹಳೆಯದು. ಜರ್ಮನಿಯ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1906ರ ಹೊತ್ತಿಗೆ ಸಾರ್‌ಬ್ರೂಕನ್‌ನಲ್ಲಿ ಪೊಲೀಸ್ ನಾಯಿಗಳನ್ನು ಪಳಗಿಸಲು ಕೈಹಾಕಿದರು. 1910ರಲ್ಲಿ ಅವರ ಕೈಪಿಡಿ ಹೊರಬಂತು. ಮೆಚ್ಚಿದ್ದನ್ನು ಕೊಟ್ಟು ಕಲಿಸುವ ವಿದ್ಯೆ ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ನಾಯಿಗೂ ಮನುಷ್ಯನಿಗೂ ನಡುವೆ ಮೇಲು ಕೀಳು ತೀರ್ಮಾನವಾಗುವುದು ದೇಹಬಲದಿಂದಲೇ ಎಂದು ಅವರು ನಂಬಿದ್ದರು. ಮುಳ್ಳಿನ ಕೊರಳಪಟ್ಟಿ, ಬೆತ್ತ ಅವರ ಸಲಕರಣೆಗಳು. ಮುಂದೆ ಅಮೆರಿಕದಲ್ಲಿ ವಿಲಿಯಂ ಕೋಹ್ಲರ್ ಇದೇ ಹಾದಿ ಹಿಡಿದರು. ವಾಲ್ಟ್ ಡಿಸ್ನಿ ಚಿತ್ರಗಳಿಗೆ ನಾಯಿಗಳನ್ನು ತಯಾರು ಮಾಡುತ್ತಿದ್ದ ಇವರ ಪುಸ್ತಕ 1962ರಲ್ಲಿ ಬಂತು. ತೋಟದಲ್ಲಿ ಗುಂಡಿ ತೋಡುವ ನಾಯಿಗೆ ಅವರು ಬರೆದ ಮದ್ದೇನು ಗೊತ್ತೇ? ಅದೇ ಗುಂಡಿಗೆ ನೀರು ತುಂಬಿ, ಅದರೊಳಗೆ ನಾಯಿಯ ಮೂತಿ ಅದ್ದುವುದು!

ತೋಳದ ಕಥೆ ಬೇರೆ ಕಡೆಯಿಂದ ಬಂತು. ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದಲ್ಲಿ ರುಡಾಲ್ಫ್ ಶೆಂಕೆಲ್ ತೋಳಗಳನ್ನು ವರ್ಷಗಟ್ಟಲೆ ನೋಡಿ 1947ರಲ್ಲಿ ಪ್ರಬಂಧ ಪ್ರಕಟಿಸಿದರು. ಬಾಲ ಎಷ್ಟು ಎತ್ತಿದೆ, ಕಿವಿ ಯಾವ ಕಡೆ ಮಡಚಿದೆ, ತುಟಿ ಎಲ್ಲಿ ಸುಕ್ಕಾಗಿದೆ ಎಂಬುದನ್ನೆಲ್ಲ ಬಿಡದೆ ದಾಖಲಿಸಿದ ಅಚ್ಚುಕಟ್ಟಾದ ಕೆಲಸ ಅದು. ಮೇಲಿನ ಸ್ಥಾನಕ್ಕಾಗಿ ಗಂಡುಗಳ ನಡುವೆ ಒಂದು ಪೈಪೋಟಿ, ಹೆಣ್ಣುಗಳ ನಡುವೆ ಇನ್ನೊಂದು, ಗೆದ್ದ ಜೋಡಿಗೆ ಹಿಂಡಿನ ಒಡೆತನ ಎಂಬ ಚಿತ್ರ ಅಲ್ಲಿಂದ ಮೂಡಿತು. ನೋಟದಲ್ಲಿ ದೋಷವಿರಲಿಲ್ಲ, ಜಾಗದಲ್ಲಿತ್ತು. ಸುಮಾರು 10 ಮೀಟರ್ ಅಗಲ, 20 ಮೀಟರ್ ಉದ್ದದ ಆವರಣದಲ್ಲಿ ಹತ್ತರವರೆಗೆ ತೋಳಗಳು. ಕಾಡಿನಲ್ಲಾದರೆ ಪ್ರಾಯಕ್ಕೆ ಬಂದ ತೋಳ ಹಿಂಡು ಬಿಟ್ಟು, ಜೋಡಿ ಹುಡುಕಿ, ಬೇರೆ ಸಂಸಾರ ಹೂಡುತ್ತದೆ. ಇಲ್ಲಿ ಹೋಗಲು ದಾರಿಯೇ ಇರಲಿಲ್ಲ. ಬೆಳೆದ ಅಣ್ಣತಮ್ಮಂದಿರನ್ನು ಒಂದೇ ಕೋಣೆಯಲ್ಲಿಟ್ಟು ಬೀಗ ಹಾಕಿ, ಅವರ ಜಗಳವನ್ನೇ ಮನುಷ್ಯಸ್ವಭಾವ ಎಂದು ಬರೆದುಕೊಂಡಂತಾಯಿತು.

ಅಮೆರಿಕದ ಡೇವಿಡ್ ಮೀಚ್ 1970ರಲ್ಲಿ ತೋಳಗಳ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಈ ಆಲ್ಫಾ ಸೇರಿಕೊಂಡ. ಪುಸ್ತಕ ಚೆನ್ನಾಗಿ ಮಾರಾಟವಾಯಿತು, ಮಾತು ಊರೆಲ್ಲ ಹಬ್ಬಿತು. 1978ರಲ್ಲಿ ನ್ಯೂಯಾರ್ಕ್ ರಾಜ್ಯದ ನ್ಯೂ ಸ್ಕೀಟ್ ಮಠದ ಸನ್ಯಾಸಿಗಳು, ಜರ್ಮನ್ ಶೆಫರ್ಡ್ ಸಾಕುವುದರಲ್ಲಿ ಹೆಸರಾದವರು, ತಮ್ಮ ಪುಸ್ತಕದಲ್ಲಿ ‘ಆಲ್ಫಾ ರೋಲ್’ ಎಂಬ ಶಿಕ್ಷೆ ವಿವರಿಸಿದರು. ನಾಯಿಯನ್ನು ಅಂಗಾತ ಉರುಳಿಸಿ, ಅದುಮಿ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಗದರುವುದು. ಹಾಗೆ ಬಿದ್ದ ನಾಯಿ ಕಿವಿ ಹಿಂದಕ್ಕೆಳೆದು, ಬಾಲ ಹೊಟ್ಟೆಗಂಟಿಸಿ, ತುಟಿ ನೆಕ್ಕುತ್ತಾ ಮುಖ ತಿರುಗಿಸುತ್ತದೆ. ಕೆಡವಿದವರು ಅದನ್ನು ವಿಧೇಯತೆ ಎಂದು ಓದಿಕೊಂಡರು. ಅದು ಭಯ. 2002ರ ಪರಿಷ್ಕೃತ ಆವೃತ್ತಿಯಲ್ಲಿ ಸನ್ಯಾಸಿಗಳೇ ಆ ಸಲಹೆಯನ್ನು ಹಿಂತೆಗೆದುಕೊಂಡರು.

ಅಷ್ಟರಲ್ಲಿ ಮೀಚ್ ಅವರ ಅಭಿಪ್ರಾಯವೂ ಬದಲಾಗಿತ್ತು. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದ ತೋಳಗಳು ಮನುಷ್ಯನಿಗೆ ಬೆದರುವುದು ಕಡಿಮೆ. 1986ರಿಂದ ಅವರು ಬೇಸಿಗೆ ಬೇಸಿಗೆಗೂ ಅಲ್ಲಿಗೆ ಹೋಗಿ ಗವಿಯ ಹತ್ತಿರವೇ ಕೂತು ನೋಡಿದರು. ಕಂಡದ್ದು ಒಂದು ಸಂಸಾರ: ತಂದೆ, ತಾಯಿ, ಈ ವರ್ಷದ ಮರಿಗಳು, ಹಿಂದಿನ ವರ್ಷದ ಮಕ್ಕಳು. ಬೇಟೆಯಿಂದ ಬಂದ ತಂದೆಯ ಬಾಯಿಗೆ ಮರಿಗಳು ಮುತ್ತಿದರೆ, ಅದು ನುಂಗಿ ತಂದದ್ದನ್ನು ಕಕ್ಕಿ ಉಣಿಸುತ್ತಿತ್ತು. ಹದಿಮೂರು ಬೇಸಿಗೆಗಳಲ್ಲಿ ಪಟ್ಟಕ್ಕಾಗಿ ನಡೆದ ಕಾಳಗ ಒಂದೂ ಇಲ್ಲ. 1999ರಲ್ಲಿ ಅವರು ಬರೆದೇಬಿಟ್ಟರು: ಕಾಡಿನ ಹಿಂಡಿನಲ್ಲಿ ಆಲ್ಫಾ ಎಂದು ಕರೆಯುತ್ತಿದ್ದುದು ಹೆತ್ತವರನ್ನು. ಹಳೆಯ ಪುಸ್ತಕ ನಿಲ್ಲಿಸಿ ಎಂದು ಪ್ರಕಾಶಕರಲ್ಲಿ ಕೇಳಿಕೊಳ್ಳುತ್ತಲೇ ಇದ್ದರು. ಅದು ಮರುಮುದ್ರಣವಾಗುವುದು ನಿಂತದ್ದು 2022ರಲ್ಲಿ.

ಟೀವಿಗೆ ಮಾತ್ರ ಈ ಸುದ್ದಿ ಮುಟ್ಟಲಿಲ್ಲ. 2004ರಲ್ಲಿ ಸೀಸರ್ ಮಿಲನ್ ಅವರ ‘ಡಾಗ್ ವಿಸ್ಪರರ್’ ಶುರುವಾಗಿ, ಹಿಂಡಿನ ನಾಯಕ ಮತ್ತೆ ಬೈಠಕ್‌ಖಾನೆಗೆ ನಡೆದುಬಂದ. ನಾಲ್ಕೇ ವರ್ಷಕ್ಕೆ ಅಮೆರಿಕದ ಪ್ರಾಣಿವರ್ತನೆ ತಜ್ಞ ಪಶುವೈದ್ಯರ ಸಂಘ ಈ ಬಗೆಯ ತರಬೇತಿಗೆ ಆಕ್ಷೇಪ ಎತ್ತಿತು. 2009ರಲ್ಲಿ ಮೆಘನ್ ಹೆರಾನ್ ಮತ್ತು ಸಂಗಡಿಗರು, ನಾಯಿಯ ಗುಣ ಕೆಟ್ಟಿದೆಯೆಂದು ವೈದ್ಯರ ಬಳಿ ಬಂದ 140 ಮಂದಿಯ ಉತ್ತರಗಳನ್ನು ಪ್ರಕಟಿಸಿದರು. ಆಲ್ಫಾ ರೋಲ್ ಮಾಡಿ ನೋಡಿದವರಲ್ಲಿ ಶೇ. 31ರಷ್ಟು ಮಂದಿಯ ನಾಯಿ ತಿರುಗಿಬಿದ್ದಿತ್ತು. ಹೊಡೆದವರು, ಒದ್ದವರಲ್ಲಿ ಇದು ಶೇ. 43.

ಪೆಟ್ಟಿಲ್ಲದ ಪಾಠ ಬಂದದ್ದು, ವಿಚಿತ್ರವೆಂದರೆ, ಸಮುದ್ರದಿಂದ. 1960ರ ದಶಕದಲ್ಲಿ ಹವಾಯಿಯಲ್ಲಿ ಡಾಲ್ಫಿನ್ ಪಳಗಿಸುತ್ತಿದ್ದ ಕರೆನ್ ಪ್ರಯರ್ ಅವರ ಕೈಯಲ್ಲಿ ಹಗ್ಗವಿರಲಿಲ್ಲ. ಗದರಿದರೆ ಡಾಲ್ಫಿನ್ ಈಜಿ ಆಚೆ ಹೋಗುತ್ತದೆ, ಅಷ್ಟೆ. ಸರಿಯಾಗಿ ಮಾಡಿದ ಕ್ಷಣಕ್ಕೆ ಸೀಟಿ, ಹಿಂದೆಯೇ ಮೀನು, ಇದೊಂದೇ ಉಪಾಯ. 1984ರ ಅವರ ಪುಸ್ತಕದ ನಂತರ ಅದು ನಾಯಿಗಳಿಗೂ ದಾಟಿತು, ಸೀಟಿಯ ಬದಲು ಟಿಕ್ ಎನ್ನುವ ಪುಟ್ಟ ಕ್ಲಿಕ್ಕರ್, ಮೀನಿನ ಬದಲು ಬಿಸ್ಕತ್ತು.

ಹಾಗಾದರೆ ನಾಯಿಗಳಲ್ಲಿ ಮೇಲು ಕೀಳು ಇಲ್ಲವೇ ಇಲ್ಲವೇ? ಇದೆ. ರೋಮ್ ನಗರದ ಹೊರವಲಯದ ಬೀದಿನಾಯಿಗಳನ್ನು ನೋಡಿದ ಇಟಲಿಯ ಸಂಶೋಧಕರು 2010ರಲ್ಲಿ ಬರೆದ ಪ್ರಕಾರ, ಅಲ್ಲಿ ಸ್ಪಷ್ಟ ಶ್ರೇಣಿಯಿತ್ತು, ವಯಸ್ಸಾದವು ಸಾಮಾನ್ಯವಾಗಿ ಮೇಲೆ. ಗುಂಪು ಎದ್ದು ಹೊರಡುವಾಗ ಮುಂದಾಳಾಗುತ್ತಿದ್ದುದೂ ಹೆಚ್ಚಾಗಿ ಹಿರಿಯ ನಾಯಿಗಳೇ. ಆದರೆ ಆ ಗುಂಪುಗಳಲ್ಲಿ ಹೆಚ್ಚು ಹಿಂಬಾಲಕರಿದ್ದದ್ದು, ಉಳಿದವು ಬಾಲ ಅಲ್ಲಾಡಿಸುತ್ತಾ ಬಂದು ಮೂತಿ ತಾಗಿಸಿ ಮಾತಾಡಿಸುತ್ತಿದ್ದ ನಾಯಿಗಳಿಗೆ.